ಹುಲಗಪ್ಪನ ಬಾಟ್ಲಿಯೂ ನನ್ನ ಹೆಸರಿನ ಚೀಟಿಯೂ

ಮೊದಲು ನನ್ನ ದಡ್ಡತನವನ್ನೇ ಹೇಳಿ ಮುಗಿಸುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಡಾಕ್ಟರಮ್ಮನನ್ನು, ನಮ್ಮವ್ವನನ್ನು, ಚಿಗಟೇರಿಯ ಮೇಷ್ಟ್ರನ್ನು ಬಯ್ಯುತ್ತಾ ಹೋದಾಗ ನೀವು ಪಾಪ ಅಂತ ನನ್ನ ಕಡೆ ಸೇರಿಬಿಡುವ ಅಪಾಯವಿದೆ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗದಿದ್ದಾಗ ಹರಪನಹಳ್ಳಿಯ ಡಾಕ್ಟರಮ್ಮ ನನ್ನ ಕೈಗೆ ಒಂದು ಸಣ್ಣ ಬಾಟ್ಲಿ ಕೊಟ್ಟು, ವೀರ್ಯ ಪರೀಕ್ಷೆ ಆಗಬೇಕು ಎಂದರು. ನಾನು ಅದರಲ್ಲಿ ನನ್ನ ಗೆಳೆಯ ಹುಲಗಪ್ಪನದನ್ನು ಹಿಡಿಸಿ, ಮೇಲೆ ನನ್ನ ಹೆಸರಿನ ಚೀಟಿ ಅಂಟಿಸಿ ಕೊಟ್ಟೆ. ಹುಲಗಪ್ಪನಿಗೆ ನಾಲ್ಕು ಮಕ್ಕಳು. ವರದಿ ಭರ್ಜರಿಯಾಗಿ ಬಂತು. ಆ ವರದಿಯ ದೆಸೆಯಿಂದ ನನ್ನ ಹೆಂಡತಿ ನೀಲಾ ಒಂದು ವರ್ಷ ತನ್ನದಲ್ಲದ ರೋಗಕ್ಕೆ ಮೈಯೊಡ್ಡಿದಳು.

ಇಷ್ಟು ಹೇಳಿದ ಮೇಲೆ ಇನ್ನು ಬಯ್ಯಲು ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ನಾನು ಕೊಟ್ಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರಲ್ಲಿ ಫೋನಿದ್ದವರೆಲ್ಲರ ದನಿ ನನ್ನ ಕಿವಿಯಲ್ಲೇ ಹಾದು ಹೋಗಬೇಕು. ಶೇಂಗಾ ಮಂಡಿಯ ಸಾಹುಕಾರರು ದಾವಣಗೆರೆ ಲೈನು ಕೇಳುವ ಮೊದಲು ಮೂರು ಸಲ ಕೆಮ್ಮುತ್ತಾರೆ. ಆಫೀಸಿನಲ್ಲಿ ಹುಲಿಯಂತಿರುವ ಸಾಹೇಬರೊಬ್ಬರು ಹೆಂಡತಿಯ ಜೊತೆ ಮಾತಾಡುವಾಗ ಬೆಕ್ಕಿನ ಮರಿಯಾಗುತ್ತಾರೆ. ಡ್ಯೂಟಿ ಮುಗಿಸಿ ಚಾದಂಗಡಿಗೆ ಬಂದು ಇವರೆಲ್ಲರ ದನಿಯನ್ನೂ ಸಾಲಾಗಿ ತೆಗೆದು ಅಣಕಿಸುವುದು ನನ್ನ ದಂಧೆ. ನನ್ನ ನಗೆಯನ್ನೂ ನಾನೇ ಅಣಕಿಸುತ್ತೇನೆ. ಅದು ವಾಷರ್ ಹೋದ ಸೈಕಲ್ ಪಂಪಿನ ಹಾಗೆ. ಹುಲಗಪ್ಪ ನಮ್ಮ ಎಕ್ಸ್‌ಚೇಂಜಿನ ಲೈನ್‌ಮನ್. ಕಂಬ ಹತ್ತುವುದು ಅವನ ಕೆಲಸ, ಕೆಳಗೆ ನಿಂತು ಅವನು ಹತ್ತುವ ರೀತಿಯನ್ನು ಆಡಿ ತೋರಿಸುವುದು ನನ್ನ ಕೆಲಸ.

ನಮ್ಮದು ಕುರಿ ಸಾಕಿದ ಮನೆತನ. ಸಂಬಳದ ಕೆಲಸಕ್ಕೆ ಬಂದವನು ನಾನೇ ಮೊದಲು. ಅಪ್ಪ ತೀರಿಕೊಂಡ ಮೇಲೂ ಅವ್ವ ಹಿಂಡು ಬಿಟ್ಟಿರಲಿಲ್ಲ. ಊರ ಹೊರಗಿನ ಹಟ್ಟಿಗೆ ದಿನಾ ಹೋಗಿ, ಒಂದೊಂದು ಕುರಿಯ ಮೈ ಸವರಿ ನೋಡಿಯೇ ಬರುತ್ತಿದ್ದಳು. ಸೊಸೆಯನ್ನು ಮಾತ್ರ ದೂರದಿಂದಲೇ ನೋಡುತ್ತಿದ್ದಳು.

ಡಾಕ್ಟರಮ್ಮನ ಹತ್ತಿರ ಮೊದಲು ಹೋದದ್ದು ನಾನಲ್ಲ, ಅವ್ವ ಮತ್ತು ನೀಲಾ. ಅದಕ್ಕೂ ಮುಂಚೆ ಹಡಗಲಿ ಕಡೆಯ ಬೇರಿನ ಔಷಧಿ, ಕೂಡ್ಲಿಗಿಯ ತಾಯಿತ, ಹಗರಿಬೊಮ್ಮನಹಳ್ಳಿಯ ನಾಟಿ ವೈದ್ಯನ ಕಹಿ ಪುಡಿ ಎಲ್ಲ ಮುಗಿದಿದ್ದವು. ಕುಡಿದವಳು, ಕಟ್ಟಿಕೊಂಡವಳು, ನುಂಗಿದವಳು ನೀಲಾ. ನನಗೆ ಯಾರೂ ಒಂದು ಚಿಟಿಕೆ ಪುಡಿಯನ್ನೂ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಹರಪನಹಳ್ಳಿಗೆ ಮುಂಜಾನೆ ಹೋದವರು ಮಧ್ಯಾಹ್ನದ ಬಸ್ಸಿಗೇ ವಾಪಸು ಬಂದರು. ಅವ್ವ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಕಿ ಡಾಕ್ಟರಲ್ಲೋ, ಪೊಲೀಸು! ಸೊಸಿ ಕೈ ಸೈತ ಹಿಡದು ನೋಡ್ಲಿಲ್ಲ. 'ಗಂಡ ಎಲ್ಲಿ?' ಅಂದ್ಲು. ಡ್ಯೂಟಿ ಮ್ಯಾಲೆ ಅದಾನ ಅಂದೆ. 'ಡ್ಯೂಟಿ ಮುಗಿಸ್ಕೊಂಡು ಬರ್ಲಿ. ಅವನ್ನ ನೋಡೋತನಕ ನಾ ಇಕಿನ್ನ ಮುಟ್ಟಂಗಿಲ್ಲ' ಅಂದ್ಲು."

"ನೀ ಏನಂದಿ ಬೇ?"

"ನನ್ನ ಮಗನ್ಯಾಗ ಏನೂ ಐಬಿಲ್ಲ ಅಂದೆ. ಅದಕ್ಕ ಅಕಿ, 'ಏನು ಮನಿತನ ನಿಮ್ದು?' ಅಂದ್ಲು. ಕುರಿ ಮನಿತನ ಅಂದೆ. 'ಕುರಿ ಗಬ್ಬ ಆಗದಿದ್ರ ಮೊದ್ಲು ಏನ್ ನೋಡ್ತೀರಿ?' ಅಂದ್ಲು. ಟಗರು ನೋಡ್ತೀವಿ ಅಂದೆ. 'ಮತ್ತ?' ಅಂದ್ಲು."

ಅಡಿಗೆಮನೆಯ ಬಾಗಿಲ ಮರೆಯಲ್ಲಿ ನೀಲಾ ಸೆರಗು ಬಾಯಿಗೆ ಒತ್ತಿಕೊಂಡಿದ್ದು ನನಗೆ ಕಂಡಿತು.

"ಮತ್ತ ನೀ ಏನಂದಿ?"

"ನನ್ನ ಮಗ ಟಗರಲ್ಲ ಅಂದೆ!"

ಅವ್ವ ಇದನ್ನು ಗೆದ್ದ ಮಾತಿನ ಹಾಗೆ ಹೇಳಿದಳು. ಮರುದಿನ ಚಾದಂಗಡಿಯಲ್ಲಿ ನಾನು ಇಬ್ಬರ ದನಿಯನ್ನೂ ತೆಗೆದು ಇದನ್ನು ಆಡಿ ತೋರಿಸಿದೆ. ಜನ ಬೆಂಚಿನಿಂದ ಬಿದ್ದು ನಕ್ಕರು. ಒಳಗೊಳಗೆ ಮಾತ್ರ ನಾನು ಹೆದರಿದ್ದೆ.

ಅದಕ್ಕೆ ಕಾರಣವಿತ್ತು. ಡಾ. ಮಾಳಮ್ಮ ಎಂಬ ಈ ಹೆಂಗಸಿನ ಪೂರ್ವಚರಿತ್ರೆ ನಮ್ಮ ಭಾಗದ ಗಂಡಸರಿಗೆಲ್ಲ ಗೊತ್ತು. ಹೊಸಹಳ್ಳಿ ಕಡೆಯ ಕುರಿಗಾರರ ಮಗಳು. ಅಪ್ಪ ಹಿಂಡಿನ ಹಿಂದೆ ಊರೂರು ಅಲೆಯುವಾಗ ಸ್ಲೇಟು ಹಿಡಿದುಕೊಂಡು ಯಾವ ಊರಲ್ಲಿ ಹಟ್ಟಿ ಬಿದ್ದಿತೋ ಆ ಊರ ಶಾಲೆಯಲ್ಲಿ ಕೂತು ಓದಿದವಳು. ಹೇಗೋ ಡಾಕ್ಟರಾಗಿ ಸರಕಾರಿ ಕೆಲಸಕ್ಕೆ ಸೇರಿದಳು. ಸೇರಿದ್ದು ಕುಟುಂಬ ಯೋಜನೆಯ ಆಪರೇಶನ್ ಕ್ಯಾಂಪುಗಳ ಕಾಲದಲ್ಲಿ. ಆ ಜೀಪು ಕಂಡರೆ ಗಂಡಸರು ಜೋಳದ ಹೊಲಕ್ಕೆ ಬಿದ್ದು ಓಡುತ್ತಿದ್ದರು. ನಾನೂ ಓಡಿದ್ದೇನೆ. ಆಗ ನನಗೆ ಮದುವೆಯೇ ಆಗಿರಲಿಲ್ಲ, ಆದರೂ ಓಡಿದ್ದೆ. ನಾಲ್ಕು ವರ್ಷ ಅದನ್ನು ಮಾಡಿ, ಒಂದು ದಿನ ಕೆಲಸ ಬಿಟ್ಟು ಹರಪನಹಳ್ಳಿಯಲ್ಲಿ ಮಕ್ಕಳಾಗದವರ ದವಾಖಾನೆ ತೆರೆದಳು. "ಮೊದ್ಲು ಕೀಲಿ ಹಾಕೋಳು, ಈಗ ಕೀಲಿ ತೆಗಿಯೋಳು" ಎಂದು ನಾನೇ ಒಂದು ಮಾತು ಕಟ್ಟಿ ಊರೆಲ್ಲ ಹರಡಿದ್ದೆ. ಈಗ ಆ ಕೀಲಿಯ ಕೈಗೆ ನಾನೇ ಸಿಗಬೇಕಾಗಿತ್ತು.

"ಮುಟ್ಟಿಸ್ಕಬ್ಯಾಡ," ಅಂದಳು ಅವ್ವ. "ನೋಡ್ತೀನಿ ಅಂತ ಕರದು ಕತ್ತರಿ ಹಾಕಿಬಿಟ್ಟಾಳು. ರೂಢಿ ಬಿದ್ದ ಕೈ ಅದು."

ನಗಬೇಡಿ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಟ್ರಂಕ್ ಕಾಲ್ ಜೋಡಿಸುವವನು. ನಾನೂ ಅದನ್ನು ಅರ್ಧ ನಂಬಿದ್ದೆ. ನನ್ನ ಹೆದರಿಕೆಯ ಇನ್ನರ್ಧ ಏನೆಂದು ನನಗೆ ಗೊತ್ತಿತ್ತು, ಆದರೆ ಅದನ್ನು ನಾನು ಯಾರ ದನಿಯಲ್ಲೂ ಹೇಳಿರಲಿಲ್ಲ.

ಆ ದವಾಖಾನೆಯ ಪಡಸಾಲೆಯಷ್ಟು ಕೆಟ್ಟ ಜಾಗವನ್ನು ನಾನು ಕಂಡಿಲ್ಲ. ಬೆನ್ನಿಗೆ ಆಸರೆಯಿಲ್ಲದ ಎರಡು ಬೆಂಚು, ಎದುರುಬದುರು. ಎಲ್ಲಿ ನೋಡಿದರೂ ಒಬ್ಬರ ಮುಖ. ಬೇರೆ ದವಾಖಾನೆಗಳಲ್ಲಿ "ಇಂಥವರ ಹೆಂಡತಿ" ಎಂದೋ, ಹೆಂಗಸಿನ ಹೆಸರು ಹಿಡಿದೋ ಕರೆಯುತ್ತಾರೆ. ಇಲ್ಲಿ ಡಾಕ್ಟರಮ್ಮನ ಹುಕುಂ ಬೇರೆ. ಚೀಟಿ ಗಂಡಸಿನ ಹೆಸರಿನಲ್ಲಿ. ಕೂಗುವುದೂ ಗಂಡಸಿನ ಹೆಸರನ್ನೇ. ಆಯಾ ಹುಸೇನಬಿ ಬಾಗಿಲಲ್ಲಿ ನಿಂತು, ಬಸ್‌ಸ್ಟ್ಯಾಂಡಿನವರೆಗೆ ಕೇಳುವ ಹಾಗೆ "ಕೊಟ್ರೇಶೀ!" ಎಂದು ನನ್ನ ಹೆಸರು ಕೂಗಿದರೆ ಬೀದಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡಬೇಕು. ಅರ್ಧಕ್ಕರ್ಧ ಗಂಡಸರು ಹೆಂಡಂದಿರನ್ನು ಒಳಗೆ ಕೂರಿಸಿ ಎದುರಿನ ಪಾನ್ ಡಬ್ಬಿ ಅಂಗಡಿ ಹತ್ತಿರ ಬೇರೆ ಯಾವುದೋ ಕೆಲಸಕ್ಕೆ ಬಂದವರಂತೆ ನಿಂತಿರುತ್ತಿದ್ದರು. ತಮ್ಮ ಹೆಸರು ಕೂಗಿದರೂ ಅವರು ಆಕಡೆ ಈಕಡೆ ನೋಡುತ್ತಿದ್ದರು, ಯಾರಪ್ಪ ಇವನು ಅಂತ.

ಇನ್ನೊಂದು ಹುಕುಂ, ಅಲ್ಲಿ ಯಾರೂ ಯಾರಿಗೂ "ಮಕ್ಕಳೆಷ್ಟು?" ಎಂದು ಕೇಳುವ ಹಾಗಿಲ್ಲ. ಕೇಳಿದವರನ್ನು ಹುಸೇನಬಿ ಎಬ್ಬಿಸಿ ಕಡೆಯ ಪಾಳಿಗೆ ಹಾಕುತ್ತಿದ್ದಳು. ನೀಲಾ ಅದೊಂದು ಕಾರಣಕ್ಕೆ ಆ ಬೆಂಚು ಬೆನ್ನುನೋವು ತರುತ್ತಿದ್ದರೂ ಇಷ್ಟಪಡುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು. ಐದು ವರ್ಷದಲ್ಲಿ ಆ ಪ್ರಶ್ನೆ ಕೇಳದ ಹೆಂಗಸರ ನಡುವೆ ಆಕೆ ಕೂತದ್ದು ಅಲ್ಲಿಯೇ ಮೊದಲು.

ನಾನು ಸುಮ್ಮನೆ ಕೂರುವವನಲ್ಲ. ಹೆದರಿಕೆಯಾದಷ್ಟೂ ನನ್ನ ಬಾಯಿ ಜೋರು. ಎದುರಿನ ಬೆಂಚಿನ ಹೆಂಗಸರು ಮಂಕಾಗಿ ಕೂತಿದ್ದನ್ನು ನೋಡಿ, ಮೆಲ್ಲಗೆ ಡಾಕ್ಟರಮ್ಮನ ದನಿ ತೆಗೆದೆ. ಆಕೆಯದು ಹಿಂಡು ಕೂಗಿ ಒಡೆದ ಗಂಟಲು. "ಗಂಡ ಎಲ್ಲಿ? ಡ್ಯೂಟಿ ಮ್ಯಾಲೆ ಅದಾನ? ಯಾವ ಡ್ಯೂಟಿ? ರಾತ್ರಿ ಡ್ಯೂಟಿ ಯಾರು ಮಾಡ್ತಾರ?" ಎಂದೆ. ಮುದುಕಿಯೊಬ್ಬಳು ಎಲೆಅಡಿಕೆ ಉಗುಳಿ ನಕ್ಕಳು. ನೀಲಾಳೂ ನಕ್ಕಳು. ಆಮೇಲೆ ಎಲ್ಲರೂ ಒಮ್ಮೆಲೇ ಸುಮ್ಮನಾದರು. ಹಿಂದೆ ತಿರುಗಿದರೆ ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದಾರೆ.

"ನನ್ನ ದನಿ ಬರೋಬ್ಬರಿ ತೆಗೀತಿ," ಅಂದರು. "ಇನ್ನ ಒಳಗ ಬಾ. ನಿಂದು ಏನೈತಿ ನೋಡೂಣು."

ಬಾಟ್ಲಿ ಕೊಟ್ಟರು. ಹಿತ್ತಲಲ್ಲಿ ಒಂದು ಖೋಲಿ, ಚಿಲಕವಿದೆ, ಅಲ್ಲಿಯೇ ಹಿಡಿದು ತಕ್ಷಣ ತರಬೇಕು, ಕೊಟ್ಟೂರಿನಿಂದ ತಂದರೆ ಕೆಟ್ಟು ಹೋಗುತ್ತದೆ ಎಂದರು. ಅಷ್ಟು ಹೇಳುವುದಕ್ಕೆ ಆಕೆಗೆ ನಾಚಿಕೆಯೂ ಇಲ್ಲ, ನಯವೂ ಇಲ್ಲ. ಸಂತೆಯಲ್ಲಿ ಎಣ್ಣೆ ಅಳೆಯುವವರ ಹಾಗೆ ಹೇಳಿದರು. ನನ್ನ ಕಿವಿ ಕಾದು ಹೋಯಿತು. "ಇವತ್ತು ಆಗಂಗಿಲ್ಲ ಮೇಡಂ, ಬರೋ ವಾರ," ಅಂದೆ.

"ಬರೋ ವಾರ ಬರಲಿಲ್ಲಂದ್ರ ನಿನ್ನ ಹೆಂಡ್ತಿ ಚೀಟಿ ಹರದು ಹಾಕ್ತೀನಿ," ಅಂದರು.

ಬರುವ ವಾರ ಹುಲಗಪ್ಪನನ್ನು ಕರೆದುಕೊಂಡು ಹೋದೆ. ಅವನನ್ನು ಒಪ್ಪಿಸಲು ಮೂರು ದಿನ ಹಿಡಿಯಿತು. "ಲೇ ಕೊಟ್ರ್ಯಾ, ಎಲ್ಲಾರ ದನಿ ಕದ್ದಿ, ಸರಿ. ಈಗ ಇದನ್ನೂ ಕದೀತಿಯೇನಲೇ?" ಎಂದು ಬಿದ್ದು ಬಿದ್ದು ನಕ್ಕ. ನೀಲಾ ಒಳಗೆ ಬೆಂಚಿನ ಮೇಲಿದ್ದಾಗ ಅವನು ಹಿಂದಿನ ಸಂದಿಯಿಂದ ಹಿತ್ತಲಿಗೆ ಬಂದ. ಚಿಲಕ ಹಾಕಿಕೊಂಡವನು ಅವನು. ಬಾವಿಕಟ್ಟೆಯ ಹತ್ತಿರ ನಿಂತು ಬೆವರಿದವನು ನಾನು. ಬಾಟ್ಲಿಯ ಮೇಲೆ ಹುಸೇನಬಿ ಕೊಟ್ಟಿದ್ದ ಚೀಟಿಯನ್ನು ನಾನೇ ಅಂಟಿಸಿದೆ. ಕೊಟ್ರೇಶಿ, ಕೊಟ್ಟೂರು. ಅಕ್ಷರ ಮಾತ್ರ ಮುದ್ದಾಗಿದ್ದವು. ಆಮೇಲೆ ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿಂದೆವು. ಹುಲಗಪ್ಪ ಎರಡು ಪ್ಲೇಟು ತಿಂದ, ತನಗೆ ಸುಸ್ತಾಗಿದೆ ಅಂತ.

ವರದಿ ಓದಿ ಡಾಕ್ಟರಮ್ಮ ಹುಬ್ಬು ಹಾರಿಸಿದರು. "ನಿಮ್ಮವ್ವ ಹೇಳಿದ್ದು ಖರೆ ಐತಿ, ನಿನ್ನ್ಯಾಗ ಐಬಿಲ್ಲ." ಆಮೇಲೆ ನೀಲಾಳ ಕಡೆ ತಿರುಗಿದರು.

ಅಲ್ಲಿಂದ ಶುರುವಾಯಿತು. ದಾವಣಗೆರೆಗೆ ಕಳಿಸಿ ಗರ್ಭನಳಿಕೆಗೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಸಿದರು. ಗರ್ಭಕೋಶ ಕೆರೆದು ಪರೀಕ್ಷೆಗೆ ಕಳಿಸಿದರು. ತಿಂಗಳುಗಟ್ಟಲೆ ಮುಂಜಾನೆ ಏಳುವ ಮೊದಲೇ ನಾಲಿಗೆಯಡಿ ಥರ್ಮಾಮೀಟರ್ ಇಟ್ಟುಕೊಂಡು ಬರೆದಿಡಬೇಕು. ಆ ಬಣ್ಣದ ಎಕ್ಸ್‌ರೇ ದಿನ ನೀಲಾ ಬಸ್ಸಿನಲ್ಲಿ ಎರಡಾಗಿ ಮಡಚಿ ಕೂತಿದ್ದಳು, ಸೆರಗಿನ ತುದಿ ಹಲ್ಲಿನಲ್ಲಿ. ನನಗೆ ನೋಡಲಾಗಲಿಲ್ಲ. ಆಕೆಯನ್ನು ನಗಿಸೋಣವೆಂದು ಎಕ್ಸ್‌ರೇ ಖೋಲಿಯ ಮನುಷ್ಯನ ದನಿ ತೆಗೆದೆ. "ಅಲ್ಲಾಡಬ್ಯಾಡ್ರಿ, ಅಲ್ಲಾಡಬ್ಯಾಡ್ರಿ, ಫೋಟೋ ಚಂದ ಬರಂಗಿಲ್ಲ!" ನೀಲಾ ನಕ್ಕಳು. ನಕ್ಕ ಕೂಡಲೇ ಹೊಟ್ಟೆ ಹಿಡಿದುಕೊಂಡಳು. "ನಗಿಸಬ್ಯಾಡ್ರಿ, ನೋಯ್ತತಿ," ಎಂದು ಅತ್ತಳು. ನಾನು ಕಿಟಕಿಯಾಚೆ ನೋಡಿದೆ. ಅವತ್ತು ಹೇಳಬಹುದಾಗಿತ್ತು. ಹೇಳಲಿಲ್ಲ. ಈ ಇಡೀ ಕಥೆಯಲ್ಲಿ ನಾನು ನನಗೆ ಮಾಫಿ ಕೊಡದಿರುವುದು ಆ ಬಸ್ಸಿನ ದಾರಿಗೆ ಮಾತ್ರ.

ಮನೆಯಲ್ಲಿ ಅವ್ವನ ಕೈಗೆ ಆ ವರದಿ ಸಿಕ್ಕಿದ್ದು ಮಂಗನ ಕೈಗೆ ಕೋಲು ಸಿಕ್ಕಂತಾಯಿತು. ಆಕೆಗೆ ಓದಲು ಬರದಿದ್ದರೂ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದಳು. ಓಣಿಯ ಹೆಂಗಸರು ಬಂದರೆ ತೆಗೆದು ತೋರಿಸುತ್ತಿದ್ದಳು. "ನೋಡ್ರಿ, ನನ್ನ ಮಗಂದು ಸರಕಾರಿ ಶಿಕ್ಕಾ ಹಾಕಿ ಕೊಟ್ಟಾರ." ಶಿಕ್ಕಾ ದವಾಖಾನೆಯದು, ಮಾಲು ಹುಲಗಪ್ಪನದು. ಪಕ್ಕದ ಮನೆಯ ಸೊಸೆಗೆ ಉಡಿ ತುಂಬುವ ದಿನ ನೀಲಾಳ ಕೈಯಲ್ಲಿದ್ದ ತಟ್ಟೆಯನ್ನು ಅವ್ವ ಇಸಿದುಕೊಂಡು ಬೇರೆಯವರಿಗೆ ಕೊಟ್ಟಳು.  ನೀಲಾ ಮನೆಗೆ ಬಂದು ಜೋಳ ಬೀಸಲು ಕೂತಳು. ಕಲ್ಲು ಸವೆಯುವ ಹಾಗೆ ಬೀಸಿದಳು.

ವರ್ಷ ಕಳೆಯುವ ಹೊತ್ತಿಗೆ ಡಾಕ್ಟರಮ್ಮನಿಗೆ ತಲೆ ಕೆಟ್ಟಿತ್ತು. ಗಂಡಸಿನಲ್ಲಿ ಐಬಿಲ್ಲ, ಹೆಂಗಸಿನಲ್ಲಿ ಐಬಿಲ್ಲ, ಮತ್ತೇಕೆ ಇಲ್ಲ? ಇಂಥ ತಾರೀಖಿನ ರಾತ್ರಿ ಇಬ್ಬರೂ ಜೊತೆಯಲ್ಲಿದ್ದು, ಮುಂಜಾನೆಯ ಮೊದಲ ಬಸ್ಸಿಗೆ ನೇರವಾಗಿ ಬನ್ನಿ, ನೀಲಾಳ ಒಳಗಿನಿಂದ ಒಂದು ಹನಿ ತೆಗೆದು ನೋಡಬೇಕು ಎಂದರು. ಅದರ ಅರ್ಥ ನನ್ನ ತಲೆಗೆ ಹೊಳೆದದ್ದು ಬಸ್ಸು ಅರ್ಧ ದಾರಿ ಹೋದ ಮೇಲೆ. ಅಷ್ಟು ಚುರುಕು ನಾನು.

ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ ಡಾಕ್ಟರಮ್ಮ ತುಂಬಾ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ನನ್ನನ್ನು ಒಳಗೆ ಕರೆದರು. ನೀಲಾ ಮಂಚದ ಅಂಚಿಗೆ ಕೂತಿದ್ದಳು.

"ಹೋದ ವರ್ಷದ ಬಾಟ್ಲ್ಯಾಗ ಸಂತಿ ನೆರೆದಿತ್ತು," ಅಂದರು. "ಇವತ್ತು ನೋಡಿದ್ರ ಸಂತಿ ಮೈದಾನ ಖಾಲಿ. ಒಂದು ನರಪಿಳ್ಳಿ ಇಲ್ಲ. ಯಾರದು ಅದು?"

"ನಂದ, ಮೇಡಂ."

"ಯಾರದು?"

ನನಗೆ ಗೊತ್ತಿದ್ದ ದನಿಗಳೆಲ್ಲ ಒಂದೇ ಸಲಕ್ಕೆ ಓಡಿ ಹೋದವು. "ಹುಲಗಪ್ಪಂದು," ಅಂದೆ.

ಬಯ್ಯುತ್ತಾರೆ ಎಂದುಕೊಂಡು ತಲೆ ತಗ್ಗಿಸಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಎದ್ದು ಹೋಗಿ ನೀಲಾಳ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ತಪ್ಪಾತವ್ವ ನಂದು. ಒಂದ ಚೀಟಿ ನಂಬಬಾರದಾಗಿತ್ತು. ಎರಡನೇ ಸಲ ನನ್ನ ಕಣ್ಣಾಗ ನೋಡಿ, ಆಮ್ಯಾಲೆ ನಿನ್ನ ಮುಟ್ಟಬೇಕಿತ್ತು. ಅಷ್ಟೆಲ್ಲಾ ನೋವು ನಿನಗ ನಾ ಮಾಡಿದೆ."

ಡಾಕ್ಟರೊಬ್ಬರು ರೋಗಿಯ ಹತ್ತಿರ ತಪ್ಪಾಯಿತು ಎನ್ನುವುದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ನನಗೆ ಮೈ ಉರಿಯಿತು. ತಪ್ಪು ನನ್ನದು, ಕ್ಷಮೆ ಈಕೆ ಕೇಳುತ್ತಾಳೆ; ನನ್ನ ಪಾಲಿಗೆ ಏನೂ ಉಳಿಸಲಿಲ್ಲವಲ್ಲ ಎಂದು. "ನನಗ ಬೈರಿ ಮೇಡಂ," ಅಂದೆ.

"ಬೈಯಂಗಿಲ್ಲ. ಬೈದ್ರ ನಿನಗ ಹಗೂರ ಆಗ್ತತಿ," ಅಂದರು.

ವಾಪಸು ಬರುವ ಬಸ್ಸಿನಲ್ಲಿ ನೀಲಾ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ ನಿಂತೆ.  ಕೊಟ್ಟೂರಿನಲ್ಲಿ ಇಳಿದ ಮೇಲೆ ನನ್ನ ಮುಖ ನೋಡಿ, "ಹುಲಗಪ್ಪಣ್ಣಗ ಹೇಳ್ರಿ, ಅವರ ಆರೋಗ್ಯ ಚಲೋ ಐತಂತ," ಅಂದಳು. ಆಕೆ ಯಾವತ್ತಿನ ಹಾಗೆ 'ರಿ' ಹಚ್ಚಿಯೇ ಮಾತಾಡಿದಳು. ಲೇ ಅಂದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಮೂರನೇ ದಿನ ಟ್ರಂಕು ಕಟ್ಟಿ ತವರಿಗೆ, ಹಂಪಸಾಗರಕ್ಕೆ ಹೊರಟಳು. ಬಸ್ಸು ಹತ್ತುವ ಮೊದಲು ಹೇಳಿದಳು, "ಮಕ್ಕಳಾಗಲಿಲ್ಲಂತ ನಾ ಹೋಗಾಕತ್ತಿಲ್ಲ. ನಿಮ್ಮವ್ವಗ ನಾನೂ ಹೇಳಂಗಿಲ್ಲ, ಡಾಕ್ಟ್ರೂ ಹೇಳಂಗಿಲ್ಲ. ನೀವ ಹೇಳ್ರಿ. ಹೇಳಿದ ದಿನ ನಾ ಬರ್ತೀನಿ. ಹೇಳದಿದ್ರ ಬರಂಗಿಲ್ಲ."

ಆಮೇಲೆ ನನ್ನ ನಿಜವಾದ ಪರೀಕ್ಷೆ ಆಯಿತು. ಡಾಕ್ಟರಮ್ಮ ಮಂಚದ ಮೇಲೆ ಮಲಗಿಸಿ ಮೈ ಮುಟ್ಟಿ ನೋಡಿದರು. "ನಮ್ಮಪ್ಪ ಟಗರನ್ನ ಹಿಂಗ ಕೆಡವಿ ನೋಡ್ತಿದ್ದ. ಟಗರು ನಿನ್ನಷ್ಟು ಒದರತಿರಲಿಲ್ಲ," ಅಂದರು. ಆಮೇಲೆ ಕೇಳಿದರು, "ಹರೇದಾಗ ಮಂಗನಬಾವು ಬಂದಿತ್ತೇನು?"

ಬಂದಿತ್ತು. ನನಗಾಗ ಹದಿನೇಳು. ಎರಡೂ ಗಲ್ಲ ಊದಿದ್ದವು. ಊದಿದ ಮೋರೆಯಲ್ಲೇ ನಮ್ಮೂರ ಗೌಡರ ಹಾಗೆ ಮೀಸೆ ತಿರುವಿ ಮಾತಾಡಿ ಇಡೀ ಓಣಿಯನ್ನು ನಗಿಸಿದ್ದೆ. ವಾರದ ಮೇಲೆ ಬಾವು ಕೆಳಗೆ, ಬೀಜಕ್ಕೆ ಇಳಿಯಿತು. ಜ್ವರ, ನೋವು, ಕಾಲು ಜೋಡಿಸಲಾಗದು. ಅದನ್ನು ಯಾರಿಗೂ ಹೇಳಲಿಲ್ಲ. ಕಾಲು ಅಗಲಿಸಿ ನಡೆಯುವುದನ್ನು ನೋಡಿ ಜನ ಕೇಳಿದಾಗ, ಅದೂ ಗೌಡರ ನಡಿಗೆಯೇ ಅಂದೆ. ಮತ್ತೂ ನಕ್ಕರು. ಆ ಇನ್ನರ್ಧ ಹೆದರಿಕೆ ಅದೇ. ಬೀಜ ಸಣ್ಣಗಾಗಿ ಉಳಿದದ್ದು ನನಗೆ ಗೊತ್ತಿತ್ತು, ಮದುವೆಗೂ ಮೊದಲೇ.

ಹುಬ್ಬಳ್ಳಿಯ ದೊಡ್ಡ ದವಾಖಾನೆಗೂ ಹೋಗಿ ಬಂದೆ. ಅಲ್ಲಿಯೂ ಅದೇ ಮಾತು. ಔಷಧಿಯಿಲ್ಲ, ಆಪರೇಶನ್ನಿಲ್ಲ. ಇದನ್ನು ಓದುವ ಗಂಡಸರಲ್ಲಿ ಯಾರ ಜೇಬಿನಲ್ಲಾದರೂ ಅಂಥ ಬಾಟ್ಲಿ ಇದ್ದರೆ ಒಂದು ಮಾತು. ಖಾಲಿ ಅಂತ ತಿಳಿದ ದಿನ ಸತ್ತೇ ಹೋಗುತ್ತೇನೆ ಅಂದುಕೊಂಡಿದ್ದೆ; ಸಾಯಲಿಲ್ಲ. ಅವತ್ತು ಹುಬ್ಬಳ್ಳಿಯಲ್ಲಿ ಎರಡು ಸಲ ಊಟ ಮಾಡಿದೆ. ಸಾಯುವ ಹಾಗಾಗುವುದು ಖಾಲಿ ಬಾಟ್ಲಿಯಿಂದಲ್ಲ, ಬೇರೆಯವರ ಬಾಟ್ಲಿಯಿಂದ.

ಆದರೂ ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಮತ್ತೆ ಹರಪನಹಳ್ಳಿಗೆ ಹೋಗಿ ಡಾಕ್ಟರಮ್ಮನ ಕಾಲಿಗೆ ಬೀಳುವುದೊಂದು ಬಾಕಿ. "ನೀವ ಒಂದ್ಸಲ ಹೇಳ್ರಿ ಮೇಡಂ, ನಿಮ್ಮ ಮಾತಿಗೆ ತೂಕ ಐತಿ," ಅಂದೆ.

"ಕ್ಯಾಂಪಿನ್ಯಾಗ ನಾಕು ವರ್ಷ ಕತ್ತರಿ ಹಿಡದೀನಿ," ಅಂದರು. "ಗಂಡಸರು ಹೊಲ ಬಿದ್ದು ಓಡ್ತಿದ್ರು, ಹೆಂಗಸರನ್ನ ಜೀಪಿಗೆ ಹತ್ತಿಸ್ತಿದ್ರು. ಮಕ್ಕಳು ಬ್ಯಾಡಂದ್ರೂ ಹೆಂಗಸ ಮಲಗಬೇಕು, ಮಕ್ಕಳು ಬೇಕಂದ್ರೂ ಹೆಂಗಸ ಮಲಗಬೇಕು. ಅದಕ್ಕ ಕೆಲಸ ಬಿಟ್ಟೆ. ಇಲ್ಲಿ ಗಂಡಸಿನ ಹೆಸರು ಕೂಗಸ್ತೀನಿ. ನೀ ಇಲ್ಲೂ ಹೊಲ ಬಿದ್ದು ಓಡಿದಿ. ಇನ್ನೊಂದು ಸಲ ಓಡಾಕ ನಾ ದಾರಿ ಬಿಡಂಗಿಲ್ಲ. ಎಲ್ಲಾರ ದನಿ ತೆಗೀತಿಯಂತಲ್ಲ, ಮನಿಗೆ ಹೋಗಿ ಗಂಡಸಿನ ದನಿ ತೆಗಿ."

ಆ ಹೆಂಗಸಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸಿಟ್ಟು ಇಳಿಯಲಿ ಎಂದು ಆಕೆಯ ದನಿ ತೆಗೆಯಲು ಹೋದರೆ ಈಗ ಅದು ಬರುವುದೇ ಇಲ್ಲ. ನನ್ನ ಪಟ್ಟಿಯಲ್ಲಿ ನಾನು ತೆಗೆಯಲಾರದ ದನಿ ಅದೊಂದೇ.

ನೀಲಾ ಹೋದದ್ದು ಅವ್ವನಿಗೆ ಅನುಕೂಲವೇ ಆಯಿತು. ಬಂಜೆ ತಾನಾಗಿ ಎದ್ದು ಹೋದಳು ಎಂದು ಓಣಿಗೆಲ್ಲ ಸಾರಿ, ಎರಡು ತಿಂಗಳೊಳಗೆ ಚಿಗಟೇರಿಯಲ್ಲಿ ಒಂದು ಹುಡುಗಿ ನೋಡಿದಳು. ತಂದೆಯಿಲ್ಲದ ಹುಡುಗಿ, ಸೋದರಮಾವ ಶಾಲೆಯ ಮೇಷ್ಟ್ರು, ಆಕೆಯನ್ನು ಎಲ್ಲಾದರೂ ದಾಟಿಸಿದರೆ ಸಾಕು ಎನ್ನುವವರು. ಒಂದು ಭಾನುವಾರ ಮುಂಜಾನೆ ಮಾತು ಮುಗಿಸಲು ಅವರು ನಮ್ಮ ಮನೆಗೆ ಬಂದರು.

ನೀಲಾ ವಾಪಸು ಬಂದಳು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ಜಾಗ ಇರುವುದಿಲ್ಲ. ಹಂಪಸಾಗರಕ್ಕೆ ನಾನೇ ಹೋಗಿ ಕರೆದೆ. "ಹೇಳಿದ್ರೇನು?" ಎಂದು ಮೂರು ಸಲ ಕೇಳಿದಳು, ಮೂರು ಸಲವೂ ಮುಖ ನೋಡಿದಳು, ಅಣಕವೋ ನಿಜವೋ ಎಂದು. ಮಕ್ಕಳಿಲ್ಲ. ಈಗ ಮನೆಯಲ್ಲಿ ಹೊಲಿಗೆ ಮಷಿನ್ ಹಾಕಿದ್ದಾಳೆ, ಓಣಿಯ ಕೂಸುಗಳ ಅಂಗಿಯೆಲ್ಲ ಆಕೆಯದೇ. ಒಂದೊಂದು ದಿನ ಸುಮ್ಮನೆ ಮಷಿನ್ ನಿಲ್ಲಿಸಿ ಕೂತಿರುತ್ತಾಳೆ. ಆಗ ನಾನು ಯಾರ ದನಿಯನ್ನೂ ತೆಗೆಯುವುದಿಲ್ಲ.

ಆ ಭಾನುವಾರ ಮೇಷ್ಟ್ರು ಜಮಖಾನದ ಮೇಲೆ ಕೂತಿದ್ದರು. ಅವ್ವ ಹೊಸ್ತಿಲ ಹತ್ತಿರ, ಚಾದ ಕಪ್ಪುಗಳ ಮುಂದೆ. ನಾನು ಗಂಟಲು ಸರಿಮಾಡಿಕೊಂಡು, "ಐಬು ನೀಲಾನ್ಯಾಗ ಇಲ್ಲ, ನನ್ನ್ಯಾಗ ಐತಿ," ಅಂದೆ.

ಮೇಷ್ಟ್ರು ನಕ್ಕರು. "ಕೇಳಿದ್ವಿ ಕೇಳಿದ್ವಿ, ಭಾಳ ತಮಾಷಿ ಮನುಷ್ಯ ಅಂತ. ಇದು ಯಾರ ದನಿ ತೆಗದ್ರಿ?"

ಅವ್ವನೂ ನಕ್ಕಳು. "ಅವಂದು ಹಂಗ ರೀ, ಹುಟ್ಟಾ ಅಣಕ."

ಹುಟ್ಟಿದಾಗಿನಿಂದ ಗಳಿಸಿದ್ದು ಇದೊಂದೇ ನೋಡಿ, ನಿಜ ಹೇಳಿದರೂ ಜನ ಚಪ್ಪಾಳೆ ತಟ್ಟುತ್ತಾರೆ. ಇನ್ನೊಮ್ಮೆ ಹೇಳಿದೆ. ಇನ್ನೂ ನಕ್ಕರು. ಕೊನೆಗೆ ಜೇಬಿನಿಂದ ಹುಬ್ಬಳ್ಳಿಯ ಕಾಗದ ತೆಗೆದು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಓದುತ್ತಾ ಓದುತ್ತಾ ನಗು ನಿಲ್ಲಿಸಿದರು. ನಾನು ಅವ್ವನ ಕಡೆ ತಿರುಗಿ ಎಲ್ಲ ಹೇಳಿದೆ. ಟ್ರಂಕಿನಲ್ಲಿರುವ ಕಾಗದ ಹುಲಗಪ್ಪನದು. ಹಿತ್ತಲಿನ ಖೋಲಿ. ಹದಿನೇಳರ ಮಂಗನಬಾವು. ನೀಲಾಳ ಎಕ್ಸ್‌ರೇ. ಹೇಳುವಾಗ ನನ್ನ ದನಿ ಸಣ್ಣಗೆ, ಹೆಂಗೋ ಹೆಂಗೋ ಬರುತ್ತಿತ್ತು; ಕೇಳಿಸಿಕೊಂಡಿದ್ದರೆ ನಾನೇ ಅಣಕಿಸುತ್ತಿದ್ದೆ.

ಅವ್ವ ಚಾದ ಕಪ್ಪುಗಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು, "ಆವಾಗ ಕಾಲು ಅಗಲಿಸಿ ನಡೀತಿದ್ದಿಯಲ್ಲ, ಅದಾ?"

"ಹೂಂ ಬೇ."

"ಗೌಡ್ರ ನಡಿಗಿ ಅಂತ ನಾನೂ ನಕ್ಕಿದ್ದೆ," ಅಂದಳು.

ಮೇಷ್ಟ್ರು ಕಾಗದ ಮಡಿಚಿ ಕೆಳಗಿಟ್ಟರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಇನ್ನಷ್ಟು ಹತ್ತಿರ ಸರಿದು ಕೂತರು. "ಇರ್ಲಿ ಬಿಡ್ರಿ ಯಮ್ಮಾ. ಡಾಕ್ಟ್ರ ಕಾಗದ ಅಂದ್ರ ಏನು ದೇವರ ವಾಕ್ಯವೇ? ನಮ್ಮ ಹುಡುಗಿ ಕಾಲ್ಗುಣ ಚಲೋ ಐತಿ. ಹೊಸ ಹೆಣ್ಣು ಬಂದ್ರ ಎಲ್ಲಾ ಸರಿ ಹೋಗ್ತತಿ. ಆಗಲಿಲ್ಲಂದ್ರೂ ನಮ್ದೇನು ತಕರಾರಿಲ್ಲ, ಬಾಯಿ ಮುಚ್ಕೊಂಡು ಬಿದ್ದಿರ್ತಾಳ."

ಅವ್ವ ಎದ್ದು ನಿಂತಳು. ಹಟ್ಟಿಗೆ ಹೋಗುವಾಗ ಕಟ್ಟುವ ಹಾಗೆ ಸೆರಗು ಸೊಂಟಕ್ಕೆ ಬಿಗಿದಳು.

"ಚಾ ಕುಡದು ಎದ್ದೇಳ್ರಿ ಮೇಷ್ಟ್ರ. ಟಗರು ಬದ್ಲಿ ಮಾಡೂಣಂದ್ರ ಇದು ನಾ ಹೆತ್ತ ಟಗರು, ಮಾಡಾಕ ಬರಂಗಿಲ್ಲ. ಅದಕ್ಕಂತ ಇನ್ನೊಂದು ಹಿಂಡಿನ ಕುರಿ ತಂದು ಹಾಳು ಮಾಡಾಕ ನಾನೇನು ಕುರಿ ಗೊತ್ತಿಲ್ಲದಾಕಿ ಅಲ್ಲ."